ಹೆಪ್ಪಿನ ಮೇಷ್ಟ್ರು

ವಿರೂಪಾಕ್ಷಯ್ಯ ಮೇಷ್ಟ್ರು ಯಾರ ಮನೆಗೂ ಮುಂಬಾಗಿಲಿನಿಂದ ಬರುತ್ತಿರಲಿಲ್ಲ. ನಾನು ಅವರನ್ನು ಮೊದಲು ಕಂಡದ್ದು ನಮ್ಮ ಹಿತ್ತಿಲಿನಲ್ಲಿ. ಗದ್ದೆಯಿಂದ ಬಂದು ಕಾಲು ತೊಳೆಯೋಣವೆಂದು ಮನೆಯ ಹಿಂದಕ್ಕೆ ಹೋದರೆ, ಬಚ್ಚಲೊಲೆಯ ಪಕ್ಕದ ಸೌದೆ ರಾಶಿಯ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಎತ್ತರದ ಮನುಷ್ಯರೊಬ್ಬರು ಕಾಲು ಚಾಚಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ನನ್ನ ಹೆಂಡತಿ ಸರೋಜ ಬಾಗಿಲಿಗೆ ಒರಗಿ ಅವರ ಜೊತೆ ಹಳೆಯ ನೆಂಟರ ಹಾಗೆ ಮಾತಾಡುತ್ತಿದ್ದಳು. ಬೋರ್‌ವೆಲ್‌ಗೆ ಜಾಗ ತೋರಿಸುವವರು ಇರಬೇಕೆಂದುಕೊಂಡೆ. ಅಂಥವರು ನಮ್ಮ ಕಡೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೀಗೆಯೇ ಹಿತ್ತಿಲು ಸುತ್ತುತ್ತಾರೆ.

"ಯಾರ್ರೀ ತಾವು? ಮುಂದಿನ ಬಾಗ್ಲು ತೆಗ್ದೇ ಐತಲ್ಲ?" ಎಂದೆ.

"ತೆಗೆದಿತ್ತು ಅಂತಲೇ ಬರಲಿಲ್ಲ ಗೌಡ್ರೇ," ಎಂದರು ಅವರು, ಮೀಸೆಗೆ ಅಂಟಿದ ಮಜ್ಜಿಗೆ ಒರೆಸಿಕೊಂಡು. "ಮುಂಬಾಗಿಲಿಗೆ ಬಂದವನಿಗೆ ನೀವು ಕುರ್ಚಿ ಹಾಕ್ತೀರಿ. ಕುರ್ಚಿ ಹಾಕಿಸಿಕೊಂಡವನಿಗೆ ಈ ದೇಶದಲ್ಲಿ ಯಾರಾದ್ರೂ ನಿಜ ಹೇಳಿದ್ದು ಉಂಟಾ?"

ನಿಜ ಕೇಳಲು ಬಂದ ಆ ಮನುಷ್ಯನಿಗೆ ನಾನು ವರ್ಷಗಟ್ಟಲೆ ಸುಳ್ಳು ಹೇಳಿದೆ. ಬಾಯಿಬಿಟ್ಟು ಹೇಳಿದ ಸುಳ್ಳಲ್ಲ, ಬಾಯಿ ಮುಚ್ಚಿಕೊಂಡು ಹೇಳಿದ್ದು. ಈಗ ಅವರಿಲ್ಲ. ಅವರನ್ನು ನೆನೆಯುವ ನೆಪದಲ್ಲಿ ಅದನ್ನೂ ಬರೆದುಬಿಡುತ್ತೇನೆ.

ಮೇಷ್ಟ್ರು ಹಾಸನದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಯಾವುದೋ ಸಂಶೋಧನಾ ಸಂಸ್ಥೆಯವರು ಅವರನ್ನು ಕರೆದು ಒಂದು ಕೆಲಸ ಒಪ್ಪಿಸಿದ್ದರು. ತಮ್ಮ ಇಷ್ಟವಿಲ್ಲದೆ ಊರು ಬಿಡಬೇಕಾಗಿ ಬಂದವರು ಏನಾದರು, ಅವರಲ್ಲಿ ವಾಪಸ್ ಹೋದವರು ಯಾರು, ಉಳಿದವರು ಹೊಸ ಊರಿನ ಜನರ ಜೊತೆ ಬೆರೆತರೋ ಇಲ್ಲವೋ ಎಂದು ತಿಳಿದು ಪುಸ್ತಕ ಬರೆಯುವ ಕೆಲಸ. ಅದಕ್ಕೆ ಅವರು ಆರಿಸಿಕೊಂಡದ್ದು ನಮ್ಮ ಹೊಸಗದ್ದೆಯನ್ನು. ಬೆಳಗೋಡಿನಿಂದ ಆಲೂರಿನ ಗುಡ್ಡಗಳ ಕಡೆಗೆ ತಿರುಗಿದರೆ ಸಿಗುವ ಸಣ್ಣ ಊರು ನಮ್ಮದು. ಹೇಮಾವತಿಯ ಹಿನ್ನೀರಿನಲ್ಲಿ ಊರು ಮುಳುಗಿದ ಕೆಲವು ಸಂಸಾರಗಳಿಗೆ ಸರ್ಕಾರ ನಮ್ಮೂರಿನ ಗೋಮಾಳದಲ್ಲಿ ಜಾಗ ಕೊಟ್ಟು ಕಾಲೊನಿ ಮಾಡಿತ್ತು. ಅವರು ಬಂದಾಗ ನನಗಿನ್ನೂ ಮೀಸೆ ಬಂದ ಹೊಸತು. ಕಾಲೊನಿಗೆ ಸರ್ಕಾರ ಒಂದು ಒಳ್ಳೆಯ ಹೆಸರಿಟ್ಟಿತ್ತು. ನಾವು ಮಾತ್ರ ಇವತ್ತಿಗೂ 'ಮುಳುಗಡೆ' ಎನ್ನುತ್ತೇವೆ. 'ಮುಳುಗಡೆಗೆ ಹೋಗಿ ಬಂದೆ', 'ಅವನು ಮುಳುಗಡೆ ಹುಡುಗ'. ಆ ಹುಡುಗ ಹುಟ್ಟಿದ್ದು ಸಕಲೇಶಪುರದ ಆಸ್ಪತ್ರೆಯಲ್ಲಿ, ಬೆಳೆದದ್ದು ಇದೇ ಗುಡ್ಡದ ಮೇಲೆ. ಅವನು ಮುಳುಗಿದ ಊರನ್ನು ಕಣ್ಣಿಂದ ಕಂಡವನಲ್ಲ.

ಮೇಷ್ಟ್ರ ಜೊತೆ ಮೊದಮೊದಲು ಇಬ್ಬರು ಯುವಕರು ಉದ್ದುದ್ದ ಪ್ರಶ್ನೆಗಳ ಹಾಳೆ ಹಿಡಿದು ಬರುತ್ತಿದ್ದರು. ಮೇಷ್ಟ್ರಿಗೆ ಅವೆಲ್ಲ ಹಿಡಿಸುತ್ತಿರಲಿಲ್ಲ. ಅವರಿಗೆ ಒಂದೇ ಪ್ರಶ್ನೆ ಸಾಕಿತ್ತು.

"ಮನೇಲಿ ಹೆಪ್ಪು ಮುಗಿದುಹೋದ್ರೆ ಯಾರ ಮನೆಯಿಂದ ತರ್ತೀರಿ?"

ಇಷ್ಟೇ. ಹೀಗೆ ಕೇಳಿ ಕೇಳಿಯೇ ಸುತ್ತಲಿನ ಊರಿನವರ ಬಾಯಲ್ಲಿ ಅವರು ಹೆಪ್ಪಿನ ಮೇಷ್ಟ್ರಾದರು. ಒಂದು ದಿನ ಮೊಪೆಡ್ಡಿನ ಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಆ ಪ್ರಶ್ನೆಯ ಗುಟ್ಟು ಹೇಳಿದರು. "ನೋಡಿ ಗೌಡ್ರೇ, ದುಡ್ಡು ಬ್ಯಾಂಕಲ್ಲಿ ಸಿಗುತ್ತೆ, ನೀರು ನಲ್ಲೀಲಿ ಬರುತ್ತೆ. ಹೆಪ್ಪು ಮಾತ್ರ ಪಕ್ಕದ ಮನೆಯಿಂದಲೇ ಬರಬೇಕು. ಹೆಪ್ಪಿಗೆ ಹೋದ ಹೆಂಗಸು ಬರೀ ಹೆಪ್ಪು ತರಲ್ಲ. ಆ ಮನೆ ಸುದ್ದಿ ತರ್ತಾಳೆ, ಈ ಮನೆ ಸುದ್ದಿ ಅಲ್ಲಿ ಬಿಟ್ಟು ಬರ್ತಾಳೆ. ಎರಡು ಮನೆ ಬೆರೆತಿದೆಯೋ ಇಲ್ಲವೋ ಅಳೆಯೋಕೆ ನನಗೆ ಇದಕ್ಕಿಂತ ಒಳ್ಳೇ ಕೋಲು ಗೊತ್ತಿಲ್ಲ." ಸ್ವಲ್ಪ ದೂರ ಹೋದ ಮೇಲೆ ನಿಟ್ಟುಸಿರು ಬಿಟ್ಟರು. "ಈ ಪ್ಯಾಕೆಟ್ ಮೊಸರಿನವರು ಬಂದು ನನ್ನ ಸಂಶೋಧನೆ ಹಾಳು ಮಾಡ್ತಿದ್ದಾರೆ."

ಪ್ರತಿ ಮನೆಯಲ್ಲೂ ಮಜ್ಜಿಗೆ ಕೇಳಿ ಕುಡಿಯುತ್ತಿದ್ದರು. ಕುಡಿಯದಿದ್ದರೆ ಮಾತು ಶುರುವಾಗುವುದಿಲ್ಲ ಎಂಬುದು ಅವರ ನಂಬಿಕೆ. ಸಂಜೆಯಾಗುವ ಹೊತ್ತಿಗೆ ಹೊಟ್ಟೆಯಲ್ಲಿ ಒಂದು ಕೊಡ ಮಜ್ಜಿಗೆ ಅಲುಗಾಡುತ್ತಿತ್ತು. ಮೊಪೆಡ್ ಹಳ್ಳಕ್ಕೆ ಇಳಿದಾಗೆಲ್ಲ "ಅಯ್ಯಪ್ಪಾ, ಬೆಣ್ಣೆ ಬಂತು!" ಎಂದು ಕೂಗುತ್ತಿದ್ದರು.

ಆ ಮೊದಲ ದಿನ, ಸೌದೆ ರಾಶಿಯ ಮೇಲೆ ಕೂತೇ ಸರೋಜಳಿಗೂ ಇದೇ ಪ್ರಶ್ನೆ ಹಾಕಿದರು. ಅವಳು ನಾಲ್ಕೈದು ಮನೆ ಹೆಸರು ಹೇಳಿದಳು.

"ಕಾಲೊನಿಯವರು ನಿಮ್ಮಲ್ಲಿಗೆ ಬರ್ತಾರಾ ಹೆಪ್ಪಿಗೆ?"

"ಅವರಿಗೆ ಕೊಡಲ್ಲ ಮೇಷ್ಟ್ರೇ," ಎಂದಳು ಸರೋಜ, ಉಪ್ಪು ಉಪ್ಪಾಗಿದೆ ಎನ್ನುವಷ್ಟು ಸಹಜವಾಗಿ. "ಜಗಳ ಗಿಗಳ ಏನಿಲ್ಲ. ಊರನ್ನೇ ನೀರಿಗೆ ಬಿಟ್ಟು ಬಂದೋರಲ್ವಾ? ಅವರ ಮನೆಗೆ ಹೆಪ್ಪು ಹೋದ್ರೆ ನಮ್ಮನೆ ಹಾಲೂ ನೀರಾಯ್ತದೆ. ಹಿಂದಿನಿಂದ ನಡ್ಕೊಂಡ್ ಬಂದದ್ದು."

ಮೇಷ್ಟ್ರ ಲೋಟ ಬಾಯಿಯ ಹತ್ತಿರವೇ ನಿಂತಿತು. "ಯಾರು ಹೇಳಿದ್ದು ನಿಮಗೆ?"

"ನಮ್ಮತ್ತೆ."

"ಅವರಿಗೆ?"

"ಹಿರೇರು ಯಾರೋ ಹೇಳಿರ್ತಾರೆ, ಬುಡಿ."

ನಾನು ಕಾಲು ತೊಳೆಯುತ್ತಲೇ ಇದ್ದೆ. ತೊಳೆದ ಕಾಲನ್ನೇ ಮತ್ತೆ ತೊಳೆದೆ. ಏಕೆಂದರೆ ಆ ಹಿರಿಯ ನಾನೇ.

ಕಾಲೊನಿಯವರು ಲಾರಿಯಲ್ಲಿ ತಮ್ಮ ಹಳೆ ಮನೆಗಳ ಬಾಗಿಲು, ಕಂಬ, ಹೆಂಚು ಹೇರಿಕೊಂಡು ಬಂದಿಳಿದ ವರ್ಷ ಅದು. ಅವರೂ ನಮ್ಮ ಹಾಗೇ ಒಕ್ಕಲು ಮಕ್ಕಳು, ನಮ್ಮ ಹಾಗೇ ರಾಗಿ ಉಣ್ಣುವವರು. ಆದರೆ ನಮ್ಮ ದನ ಮೇಯುತ್ತಿದ್ದ ಜಾಗ ಅವರಿಗೆ ಹೋಗಿತ್ತು. ಅದರ ಸಿಟ್ಟು ಊರಿನ ಹೊಟ್ಟೆಯಲ್ಲಿತ್ತು, ಬಾಯಿಗೆ ಬಂದಿರಲಿಲ್ಲ. ಮಳೆ ಹಿಡಿದ ಹೊಸದರಲ್ಲಿ ಒಂದು ಬೆಳಿಗ್ಗೆ ಕಾಲೊನಿಯಿಂದ ಒಬ್ಬ ಹೊಸ ಮದುವೆಯ ಹೆಣ್ಣುಮಗಳು ಸಣ್ಣ ಗಿಂಡಿ ಹಿಡಿದು ಅಂಗಳಕ್ಕೆ ಬಂದು, "ಅವ್ವಾ, ಒಂಚೂರು ಹೆಪ್ಪು ಇದ್ರೆ ಕೊಡಿ" ಎಂದಳು. ನನ್ನ ಅವ್ವ ಚಮಚ ಹಿಡಿದು ಮೊಸರಿನ ಗಡಿಗೆಯ ಮುಚ್ಚಳ ತೆಗೆದಿದ್ದಳು. ಜಗಲಿಯಲ್ಲಿ ನನ್ನ ಜೊತೆಗಾರರು ಕೂತಿದ್ದರು. ನಾನು ಒಳಗೆ ಹೋಗಿ, ಅವರಿಗೂ ಕೇಳಿಸಲಿ ಎಂದು, ಅಂಗಳದವಳಿಗೆ ಮಾತ್ರ ಕೇಳದ ಹಾಗೆ ಹೇಳಿದೆ. "ಅವ್ವ, ಕೊಟ್ಟೀಯೆ ಹುಷಾರು. ಊರ್ನೇ ನೀರು ಮಾಡ್ಕೊಂಡು ಬಂದೋರು. ಇವರಿಗೆ ಹೆಪ್ಪು ಕೊಟ್ರೆ ನಮ್ಮ ಹಾಲೂ ನೀರಾಗ್ಬುಡ್ತದೆ."

ಜಗಲಿಯಲ್ಲಿ ನಗೆ ಎದ್ದಿತು. ಅವ್ವ ನಗಲಿಲ್ಲ. ನನ್ನ ಮುಖ ನೋಡಿದಳು, ಗಡಿಗೆ ನೋಡಿದಳು, ಮುಚ್ಚಳ ಮುಚ್ಚಿದಳು. ಹೊರಗೆ ಹೋಗಿ, "ಮುಗಿದೈತೆ ಕಣವ್ವ" ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ತಮಾಷೆಯಾಗಿಯೇ ಸಾಯುತ್ತಿತ್ತು. ಮುಂದಿನ ವಾರ ಪಕ್ಕದ ಮನೆಯವರು ಯಾರೋ ಕಾಲೊನಿಗೆ ಹೆಪ್ಪು ಕೊಟ್ಟರು, ಅವರ ಎಮ್ಮೆಯ ಹಾಲು ತೆಳ್ಳಗಾಯಿತು. ಮಳೆ ಬಿದ್ದು ಹಸಿ ಹುಲ್ಲು ಚಿಗುರಿದಾಗ ಎಲ್ಲ ಎಮ್ಮೆಗಳ ಹಾಲೂ ತೆಳ್ಳಗಾಗುತ್ತದೆ. ಅದು ಊರಿಗೆಲ್ಲ ಗೊತ್ತು, ಆ ವರ್ಷ ಮಾತ್ರ ಯಾರಿಗೂ ನೆನಪಾಗಲಿಲ್ಲ. ನಾನು ನೆನಪಿಸಲಿಲ್ಲ. ನನ್ನ ಮಾತು ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಹೋಯಿತು, ಮದುವೆಯಾಗಿ ಬಂದ ಸೊಸೆಯರಿಗೆ ಅತ್ತೆಯರು ಹೇಳಿಕೊಟ್ಟರು, ನನ್ನ ಹೆಂಡತಿಗೆ ನನ್ನ ಅವ್ವನೇ ಹೇಳಿಕೊಟ್ಟಳು. ಮನೆಯೊಳಗೆ ನನ್ನ ಮಾತು ನನಗೇ ಶಾಸ್ತ್ರವಾಗಿ ವಾಪಸ್ ಬಂದಾಗ ನಾನು ತೆಪ್ಪಗೆ ಅನ್ನ ಕಲಸಿಕೊಂಡೆ.

ಅಂದು ಗಿಂಡಿ ಹಿಡಿದು ಬಂದಿದ್ದವಳು ದೇವೀರಮ್ಮ. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ಮೇಷ್ಟ್ರಿಗೆ ಕಾಲೊನಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊಂದಿಕೊಂಡವಳೂ ಅವಳೇ. ಮೇಷ್ಟ್ರು ಹಿತ್ತಿಲಿಗೆ ಹೋಗಿ ಕೆಮ್ಮಿದರೆ ಸಾಕು, "ಬಂದ್ರಾ? ಲೋಟ ತೊಳ್ಕೊಳ್ಳಿ, ನಾನೇನು ನಿಮ್ ಹೆಂಡ್ತಿಯಾ?" ಎನ್ನುತ್ತಿದ್ದಳು. ಮೇಷ್ಟ್ರು ಮರುಮಾತಾಡದೆ ತೊಳೆದುಕೊಳ್ಳುತ್ತಿದ್ದರು.

ಹೆಪ್ಪಿನ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ನನ್ನ ಎದುರಿಗೇ ಕೊಟ್ಟದ್ದು. "ಮೊದ್ಲು ಒಂದ್ಕಿತ ಕೇಳಕ್ಕೋಗಿ ಬರೀ ಗಿಂಡಿ ತಂದೆ. ಆಮೇಲೆ ಯಾರ ಮನೆಗೂ ಹೋಗ್ನಿಲ್ಲ. ಒಣಮೆಣಸಿನಕಾಯಿ ತೊಟ್ಟು ಹಾಲಿಗೆ ಹಾಕಿಟ್ಟೆ, ಮೊಸರಾಯ್ತು. ಕಾಲೊನಿಗೆಲ್ಲ ನಾನೇ ಹೆಪ್ಪು ಕೊಟ್ಟೆ. ನಮ್ ಮೊಸರಿಗೆ ಈ ಊರೋರ ಋಣ ಇಲ್ಲ ಮೇಷ್ಟ್ರೇ." ಹೇಳಿ ನಕ್ಕಳು. ಮೇಷ್ಟ್ರೂ ನಕ್ಕರು. ಆಮೇಲೆ ದಾರಿಯಲ್ಲಿ ಮೊಪೆಡ್ ನಿಲ್ಲಿಸಿ ನನ್ನ ಕಡೆ ತಿರುಗಿ, "ಗೌಡ್ರೇ, ಈ ನಂಬಿಕೆಯ ಬೇರು ಹುಡುಕಬೇಕು. ಇದು ಬಹಳ ಆಳಕ್ಕೆ ಹೋಗಿದೆ. ನೀವು ನನ್ನ ಜೊತೆ ಇರಬೇಕು" ಎಂದರು. ಆಗಲಿ ಎಂದೆ. ಬೇರನ್ನೇ ಹಿಂದೆ ಕೂರಿಸಿಕೊಂಡು ಅವರು ಬೇರು ಹುಡುಕಲು ಹೊರಟರು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ಜಾಗ ಬಯಲಾಗುತ್ತದೆ. ಕಾಲೊನಿಯ ಕೆಲವರು ಆಗ ಹೋಗಿ ನೋಡಿ ಬರುವ ರೂಢಿಯಿದೆ. ಒಂದಿಬ್ಬರು ಅಲ್ಲೇ ದಡದಲ್ಲಿ ಗುಡಿಸಲು ಹಾಕಿಕೊಂಡು, ನೀರು ಬಿಟ್ಟ ಕೆಸರಿನಲ್ಲಿ ಸೌತೆಕಾಯಿ ಬೆಳೆದು, ನೀರು ಏರಿದಾಗ ಮತ್ತೆ ಮೇಲೆ ಬರುತ್ತಾರೆ. ವಾಪಸ್ ಹೋಗುವುದೆಂದರೆ ಏನು ಎಂದು ನೋಡಬೇಕೆಂದು ಮೇಷ್ಟ್ರು ಒಂದು ಸಲ ದೇವೀರಮ್ಮನ ಜೊತೆ ಹೊರಟರು. ನನ್ನನ್ನೂ ಕರೆದುಕೊಂಡರು. ಅಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಅಲ್ಲಿಗೆ ಹೋಗಿರಲಿಲ್ಲ.

ಅಲ್ಲಿ ಏನಿತ್ತು? ಬಿರುಕು ಬಿಟ್ಟ ಬೂದು ನೆಲ, ಅಲ್ಲಲ್ಲಿ ಮೊಣಕಾಲೆತ್ತರದ ಪಾಯದ ಕಲ್ಲು, ಒಣಗಿದ ಕಪ್ಪೆಚಿಪ್ಪು. ನನಗೆ ಎಲ್ಲ ಒಂದೇ ಥರ ಕಂಡಿತು. ದೇವೀರಮ್ಮ ಮಾತ್ರ ಬೀದಿ ಹಿಡಿದು ನಡೆದಳು. ಇಲ್ಲದ ಮೂಲೆಯಲ್ಲಿ ತಿರುಗಿದಳು, ಇಲ್ಲದ ಹೊಸಿಲು ದಾಟುವಾಗ ಸೀರೆ ಎತ್ತಿಕೊಂಡಳು. ಬಿಸಿಲಿಗೆ ದಣಿದ ಮೇಷ್ಟ್ರು ಒಂದು ಚಪ್ಪಟೆ ಕಲ್ಲು ನೋಡಿ ಕೂತರು.

"ಎದ್ದೇಳ್ರೀ ಮೇಷ್ಟ್ರೇ! ಒಲೆ ಮೇಲೆ ಕೂತ್ಬುಟ್ರಲ್ಲ!" ಎಂದು ದೇವೀರಮ್ಮ ಕಿರುಚಿದಳು.

ಮೇಷ್ಟ್ರು ಸುಟ್ಟುಕೊಂಡವರ ಹಾಗೆ ಎಗರಿ ನಿಂತರು. ಪಂಚೆಯ ಹಿಂಭಾಗ ಎರಡೂ ಕೈಯಲ್ಲಿ ಒರೆಸಿಕೊಂಡರು. ಅದು ನಾಟಕವಲ್ಲ. ಆ ಕ್ಷಣಕ್ಕೆ ಅವರಿಗೆ ಅಲ್ಲಿ ಬೆಂಕಿಯಿತ್ತು. ದೇವೀರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅಲ್ಲೇ ಕುಸಿದು ಕೂತವಳು, ನಗುವ ನಡುವೆಯೇ ಅಳಲು ಶುರು ಮಾಡಿದಳು. ಮೇಷ್ಟ್ರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಅವಳು ಏಳುವ ತನಕ ಬಿಸಿಲಿನಲ್ಲಿ ನಿಂತೇ ಇದ್ದರು. ಅವತ್ತು ಹೇಳಿಬಿಡಬೇಕೆಂದು ನನಗೆ ಬಾಯಿವರೆಗೆ ಬಂತು. ಇವರ ನಡುವೆ ಈ ಹೊತ್ತಿನಲ್ಲಿ ನನ್ನ ಕೊಳಕು ಯಾಕೆ ಎಂದು ನುಂಗಿಕೊಂಡೆ. ಅಂಜುಬುರುಕನಿಗೆ ಸುಮ್ಮನಿರಲು ಒಳ್ಳೊಳ್ಳೆಯ ಕಾರಣಗಳೇ ಸಿಗುತ್ತವೆ.

ಅದೇ ವರ್ಷ ಇರಬೇಕು, ಹಾನುಬಾಳು ಕಡೆಯ ಕಾಫಿ ಎಸ್ಟೇಟಿನ ಲೈನು ಮನೆಗಳಲ್ಲಿರುವ ಅಸ್ಸಾಮಿನ ಕೆಲಸಗಾರರನ್ನು ಮಾತಾಡಿಸಲು ಹೋದೆವು. ಅವರ ಊರನ್ನು ನದಿಯೇ ಕೊರೆದುಕೊಂಡು ಹೋಗಿತ್ತಂತೆ. ಅಲ್ಲಿ ಯಾರೂ ಮೊಸರು ಮಾಡುತ್ತಿರಲಿಲ್ಲ, ಹೆಪ್ಪಿನ ಪ್ರಶ್ನೆ ನಡೆಯಲಿಲ್ಲ. ಮೇಷ್ಟ್ರು ತಲೆ ಕೆರೆದುಕೊಂಡು, ತಮ್ಮ ಹರಕು ಹಿಂದಿಯಲ್ಲಿ ಅಲ್ಲಿದ್ದ ಯುವಕನೊಬ್ಬನಿಗೆ ಬೇರೆ ಪ್ರಶ್ನೆ ಕಟ್ಟಿದರು. ನಿನಗೆ ಇಲ್ಲಿ ಏನಾದರೂ ಆದರೆ ತಿಳಿಯಲಿ ಎಂದು, ಅಸ್ಸಾಮಿನಲ್ಲೇ ಉಳಿದಿರುವ ನಿನ್ನ ಅಮ್ಮನಿಗೆ ಇಲ್ಲಿಯ ಯಾರ ಫೋನ್ ನಂಬರ್ ಕೊಟ್ಟಿದ್ದೀಯ? ಆ ಯುವಕ ಥಟ್ಟನೆ ಹಾನುಬಾಳಿನ ಅಂಗಡಿಯ ಇಬ್ರಾಹಿಂ ಸಾಬರ ಹೆಸರು ಹೇಳಿದ. ಮೇಷ್ಟ್ರಿಗೆ ಹಿಡಿಸಲಾರದ ಸಂತೋಷ. ನೆಟ್ಟಗೆ ಅಂಗಡಿಗೆ ಹೋಗಿ, ಅಕ್ಕಿ ಅಳೆಯುತ್ತಿದ್ದ ಸಾಬರ ಕೈ ಹಿಡಿದು ಕುಲುಕಿದರು.

ವಿಷಯ ಕೇಳಿ ಸಾಬರು ಬೆಪ್ಪಾದರು. "ಅಯ್ಯೋ ಮಾರಾಯ್ರೇ, ಯಾವಾಗ ಕೊಟ್ಟ ಅವನು ನನ್ ನಂಬರು? ನನ್ಗೇ ಗೊತ್ತಿಲ್ವಲ್ರೀ! ಅವರಮ್ಮ ಫೋನ್ ಮಾಡಿದ್ರೆ ನಾನು ಯಾವ ಭಾಷೇಲಿ ಮಾತಾಡ್ಲಿ?"

"ಅದು ಆಮೇಲೆ ನೋಡ್ಕೊಳ್ಳೋಣ ಸಾಬ್ರೇ. ಫೋನ್ ಮಾತ್ರ ಆಫ್ ಮಾಡಬೇಡಿ," ಎಂದರು ಮೇಷ್ಟ್ರು.

ವಾಪಸ್ ಬರುವಾಗ ಗಾಳಿಗೆ ಎದುರಾಗಿ ಕೂಗಿ ಹೇಳಿದರು. "ನೋಡಿದ್ರಾ? ಬಂದು ಇನ್ನೂ ಎರಡು ಕೊಯ್ಲು ಆಗಿಲ್ಲ, ಅವನಿಗೊಂದು ಮನೆ ಸಿಕ್ಕಿದೆ. ನಿಮ್ಮೂರಲ್ಲಿ..." ಅಲ್ಲಿಗೆ ನಿಲ್ಲಿಸಿದರು. ನಾನು ಅವರ ಬೆನ್ನ ಹಿಂದೆ ಕೂತಿದ್ದೆ. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ ಎಂಬುದೇ ಆಗ ನನಗಿದ್ದ ಸಮಾಧಾನ.

ಪುಸ್ತಕ ಬೆಳೆಯಿತು. ಅದರಲ್ಲಿ ಹೆಪ್ಪಿನ ಬಗ್ಗೆಯೇ ಒಂದು ಅಧ್ಯಾಯ. ಆ ಅಧ್ಯಾಯವನ್ನು ಅವರು ಹಾಸನದ ಒಂದು ವಿಚಾರ ಸಂಕಿರಣದಲ್ಲಿ ಓದಿದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನೀರಿಗೆ ಊರು ಕಳೆದುಕೊಂಡು ಬಂದವರನ್ನು ಒಳಗೆ ಬಿಟ್ಟುಕೊಳ್ಳಲು ಹೆದರುವುದು ಬಹಳ ಪುರಾತನವಾದ ಭಯ, ಎಂದೋ ಪ್ರವಾಹದಲ್ಲಿ ನೊಂದ ಜನಾಂಗದ ನೆನಪು ಹೊಸಗದ್ದೆಯ ಮೊಸರಿನ ಗಡಿಗೆಯಲ್ಲಿ ಉಳಿದುಕೊಂಡಿದೆ ಎಂದು ವಿವರಿಸಿದರು. ಬೇರೆ ದೇಶಗಳ ಉದಾಹರಣೆ ಕೊಟ್ಟರು. ಕನ್ನಡಕದವರೆಲ್ಲ ತಲೆದೂಗಿದರು. ಕೊನೆಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇವರು ಚಂದ್ರೇಗೌಡರು. ಆ ಊರಲ್ಲಿ ನನ್ನ ಕಣ್ಣು ಇವರೇ" ಎಂದರು. ಚಪ್ಪಾಳೆ ಬಿತ್ತು. ನಾನು ಕೈ ಮುಗಿದೆ. ಮಧ್ಯಾಹ್ನದ ಊಟಕ್ಕೆ ಕೇಸರಿಬಾತು ಮಾಡಿಸಿದ್ದರು, ಎಲೆಯಲ್ಲೇ ಬಿಟ್ಟು ಎದ್ದೆ. ನಾನು ಹತ್ತನೇ ತರಗತಿ ಓದಿದವನು. ನನ್ನ ಒಂದು ಪೋಲಿ ಮಾತಿಗೆ ಇಷ್ಟು ಓದಿದವರು ತಲೆದೂಗಿದ್ದು ನೋಡಿ ಬೇರೆ ಯಾರಿಗಾದರೂ ನಗು ಬರುತ್ತಿತ್ತೇನೋ. ನನಗೆ ಭಯವಾಯಿತು. ಊರಿನಲ್ಲಿ ಹರಡಿದ ಸುಳ್ಳು ಇನ್ನು ಪುಸ್ತಕದಲ್ಲಿ ನಿಂತರೆ, ನಾನು ಸತ್ತ ಮೇಲೂ ಅದು ಸಾಯುವುದಿಲ್ಲ. ದೇವೀರಮ್ಮನ ಮೊಮ್ಮಕ್ಕಳು ಅದನ್ನು ಓದುತ್ತಾರೆ, ತಮ್ಮ ಬಗ್ಗೆ ಈ ಊರಿಗೆ ಇರುವುದು ಪುರಾತನ ಭಯ ಎಂದು ನಂಬುತ್ತಾರೆ.

ಆದರೂ ಹೇಳಲಿಲ್ಲ. ಮೇಷ್ಟ್ರು ಹಾಸಿಗೆ ಹಿಡಿದ ಮೇಲೆಯೇ ಹೋದೆ. ಪುಸ್ತಕ ಅಚ್ಚಿಗೆ ಹೋಗುವುದಿದೆ ಎಂದು ಫೋನಿನಲ್ಲಿ ಹೇಳಿದ್ದರು, ದನಿ ಸಣ್ಣಗಾಗಿತ್ತು. ಬೆಳಗೋಡಿಗೆ ನಡೆದು ಬಂದು ಹಾಸನದ ಬಸ್ಸು ಹತ್ತಿದೆ. ಅವರ ಮನೆಯ ಮುಂಬಾಗಿಲಲ್ಲೇ ಹೋದೆ, ಅವರ ಮಗಳು ಕುರ್ಚಿ ಹಾಕಿದಳು. ಮೇಷ್ಟ್ರು ಹಾಸಿಗೆಯಿಂದಲೇ, "ಕುರ್ಚಿ ಸಿಕ್ತಲ್ಲ, ಇನ್ನು ಸುಳ್ಳು ಹೇಳಿ ಗೌಡ್ರೇ" ಎಂದು ನಕ್ಕರು. ನಾನು ಕೂರಲಿಲ್ಲ.

"ಮೇಷ್ಟ್ರೇ, ಆ ಹೆಪ್ಪಿನ ಮಾತು ಹಳೇದಲ್ಲ. ನಾನು ಹುಟ್ಸಿದ್ದು."

ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಅವರ ಹೊಟ್ಟೆ ಕುಣಿಯಲು ಶುರುವಾಯಿತು. "ಪ್ರವಾಹದಲ್ಲಿ ನೊಂದ ಜನಾಂಗ!" ಎಂದರು. ಮತ್ತೆ "ಬೇರೆ ದೇಶದ ಉದಾಹರಣೆ!" ಎಂದರು. ನಗು ಕೆಮ್ಮಾಗಿ ಮಗಳು ನೀರು ಹಿಡಿದು ಓಡಿ ಬಂದಳು. ನೀರು ಕುಡಿದು, ಉಸಿರು ಹತೋಟಿಗೆ ತಂದುಕೊಂಡು, ಮೇಷ್ಟ್ರು ನನ್ನನ್ನು ಕೇಳಿದ್ದು ನಾನು ಎಣಿಸಿದ ಯಾವ ಪ್ರಶ್ನೆಯೂ ಅಲ್ಲ.

"ಅವತ್ತು ಯಾರ್ಯಾರು ನಕ್ಕರು?"

ಜಗಲಿಯಲ್ಲಿದ್ದವರ ಹೆಸರು ಹೇಳಿದೆ. ಕೆಲವರು ತೀರಿಕೊಂಡಿದ್ದರು.

"ಒಬ್ಬ ಮಾತು ಹುಟ್ಟಿಸಬಹುದು ಗೌಡ್ರೇ. ಕಟ್ಟಳೆ ಮಾಡೋಕೆ ನಗೋರು ಬೇಕು. ನಿಮ್ಮೂರಿಗೆ ಸಿಟ್ಟಿತ್ತು, ಬಾಯಿರಲಿಲ್ಲ. ನೀವು ಬಾಯಿ ಕೊಟ್ರಿ."

"ಪುಸ್ತಕದಲ್ಲಿ ನನ್ನ ಹೆಸರು ಹಾಕ್ಬುಡಿ ಮೇಷ್ಟ್ರೇ. ಊರಿಗೆಲ್ಲ ಗೊತ್ತಾಗ್ಲಿ."

"ಹಾಕಲ್ಲ. ನಿಮ್ಮ ಹೆಸರು ಹಾಕಿದ್ರೆ ಊರೆಲ್ಲ ಅದನ್ನ ನಿಮ್ಮ ತಲೆ ಮೇಲೆ ಹೊರಿಸಿ ಕೈ ತೊಳ್ಕೊಂಡುಬಿಡುತ್ತೆ." ದಿಂಬಿಗೆ ಒರಗಿಕೊಂಡು ಕೇಳಿದರು. "ದೇವೀರಮ್ಮನವರಿಗೆ ಹೇಳಿದ್ರಾ?"

"ಇಲ್ಲ."

"ನನಗ್ಯಾಕೆ ಮೊದಲು ಹೇಳೋಕೆ ಬಂದ್ರಿ?"

ಯೋಚಿಸಿದೆ. ಅವರ ಮುಂದೆ ಇನ್ನು ಸುಳ್ಳು ಹೇಳುವುದು ಬೇಡವೆನಿಸಿತು. "ನೀವು ಬೈಯಲ್ಲ ಅಂತ ಗೊತ್ತಿತ್ತು."

"ಹಾಗಾದ್ರೆ ತಪ್ಪು ಮನೆಗೆ ಬಂದಿದ್ದೀರಿ," ಎಂದರು ಮೇಷ್ಟ್ರು. "ಅಚ್ಚಿನವರನ್ನ ನಾನು ತಡೆದು ನಿಲ್ಲಿಸ್ತೀನಿ. ನೀವು ತಡ ಮಾಡಬೇಡಿ."

ಅದೇ ನಾನು ಅವರನ್ನು ಕಣ್ಣಾರೆ ಕಂಡ ಕೊನೆ.

ಮರುದಿನ ದೇವೀರಮ್ಮನ ಮನೆಗೆ ಹೋದೆ. ಅವಳು ಅಂಗಳದಲ್ಲಿ ತಾಡಪಾಲಿನ ಮೇಲೆ ಮೆಣಸು ಹರವುತ್ತಿದ್ದಳು. "ಬಾ ಚಂದ್ರಣ್ಣ, ಮೇಷ್ಟ್ರು ಹೆಂಗವ್ರೆ?" ಎಂದಳು. ನಿಂತುಕೊಂಡೇ ಹೇಳಿದೆ. ಅವಳ ಕೈ ಮೆಣಸಿನ ಮೇಲೆ ಆಡುತ್ತಲೇ ಇತ್ತು. ಕೊನೆಗೆ ನಿಂತಿತು.

"ನೀನಾ?" ಎಂದಳು. "ನಾನು ನಿಮ್ಮವ್ವ ಅಂದ್ಕೊಂಡಿದ್ದೆ."

ನಾನೇ ಎಂದೆ.

"ಅವತ್ತು ಹೊರಗ್ ಬಂದು ಮುಗಿದ್ಹೋಗೈತೆ ಅಂದ್ಳಲ್ಲ, ಆ ಯಮ್ಮನ ಮುಖ ನೋಡಿದ್ ತಕ್ಷಣ ಸುಳ್ಳು ಅಂತ ಗೊತ್ತಾಯ್ತು. ಬೆಳಗಾಗೆದ್ದು ಹಾಲು ಕಾಸೋವಾಗೆಲ್ಲ ನಿಮ್ಮವ್ವನ್ನ ಬೈದಿದ್ದೀನಿ ಕಣೋ. ಬಸ್ ಸ್ಟ್ಯಾಂಡಲ್ಲಿ ಎದುರಿಗೆ ಬಂದ್ರೆ ಮುಖ ತಿರುಗಿಸ್ದೆ. ಕೊನೆಕೊನೆಗೆ ನನ್ ಕಂಡ್ರೆ ಏನೋ ಹೇಳಕ್ಕೆ ಬರೋಳು ಆ ಯಮ್ಮ, ನಾನು ನಿಲ್ನಿಲ್ಲ. ಅವಳ ಮಣ್ಣಿಗೂ ಬರ್ನಿಲ್ಲ." ಅವಳ ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ನೀನು ಹೇಳ್ಬುಟ್ಟು ಹಗೂರಾದೆ. ನಾನೀಗ ಯಾರತ್ರ ಹೋಗಿ ತಪ್ಪಾಯ್ತು ಅನ್ಲಿ? ಸತ್ತೋಳತ್ರ?"

ನನ್ನ ಅವ್ವ ಅವಳಿಗೆ ಏನು ಹೇಳಲು ಬರುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳು ನನ್ನ ಹೆಸರು ಎಂದೂ ಹೊರಗೆ ಬಿಟ್ಟುಕೊಟ್ಟಿರಲಿಲ್ಲ, ಅಷ್ಟು ಗೊತ್ತು. ಅಲ್ಲಿಗೆ ಹೋಗುವ ತನಕ ನಾನು ಮಾಡಿದ ತಪ್ಪು ಹೆಪ್ಪಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡಿದ್ದೆ.

ದೇವೀರಮ್ಮ ಎದ್ದು ಸೆರಗು ಕೊಡವಿದಳು. "ಹೋಗ್ಬನ್ನಿ ಗೌಡ್ರೇ," ಎಂದಳು. ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಮನೆಗೆ ಬಂದು ಸರೋಜಳಿಗೂ ಹೇಳಿದೆ. "ಹಂಗಾದ್ರೆ ನಾನು ಇಷ್ಟು ಕಾಲ ನಿಮ್ ತಮಾಸೆಗೆ ಹೆದರ್ಕೊಂಡು ಬಾಳ್ವೆ ಮಾಡಿದ್ನಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ಸಂಜೆ ಅವಳು ತಾನಾಗಿಯೇ ಒಂದು ಬಟ್ಟಲು ಮೊಸರು ತೆಗೆದುಕೊಂಡು ಕಾಲೊನಿಗೆ ಹೋದಳು. ಎರಡು ಮನೆಯಲ್ಲಿ "ನಮ್ಮಲ್ಲೇ ಐತೆ ಕಣಕ್ಕ" ಎಂದು ನಗುತ್ತಲೇ ಕಳಿಸಿದರಂತೆ. ಬಟ್ಟಲನ್ನು ಹಾಗೇ ವಾಪಸ್ ತಂದಳು. ಜಗಲಿಯಲ್ಲಿ ನಕ್ಕಿದ್ದವರಲ್ಲಿ ಉಳಿದಿದ್ದವನೊಬ್ಬನಿಗೆ ಹೇಳಿದರೆ, "ನಂಗೇನೂ ನೆನಪಿಲ್ಲ ಮಾರಾಯ, ಬುಡು ಅತ್ಲಾಗೆ" ಎಂದ.

ಮೇಷ್ಟ್ರು ಫೋನ್ ಮಾಡಿದರು. "ಹೇಳಿದ್ರಾ?"

"ಹೇಳ್ದೆ."

"ಕ್ಷಮಿಸಿದ್ರಾ?"

"ಇಲ್ಲ. ಮಾತು ಬಿಟ್ಟವ್ಳೆ."

"ಒಳ್ಳೇದು," ಎಂದರು. "ತಕ್ಷಣ ಕ್ಷಮಿಸಿದ್ರೆ ನನಗೆ ಅನುಮಾನ ಬರ್ತಿತ್ತು. ಆಯ್ತು, ಆ ಅಧ್ಯಾಯ ಹೊಸದಾಗಿ ಬರೀತೀನಿ."

ಬರೆಯಲು ಆಗಲಿಲ್ಲ. ಕಾಫಿ ಹೂವಿನ ಕಾಲದಲ್ಲಿ ಒಂದು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ ಸುದ್ದಿ ಹೇಳಿದಳು. ಮೇಷ್ಟ್ರು ಬರೆಯಬೇಕಾಗಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ. ನಕ್ಕವರ ಹೆಸರು ಮಾತ್ರ ಬರೆದಿಲ್ಲ, ಅಪ್ಪಣೆ ಕೇಳೋಣವೆಂದರೆ ಅವರಲ್ಲಿ ಕೆಲವರು ಉಳಿದಿಲ್ಲ.

ಅಂದು ಬೆಳಗೋಡಿನಿಂದ ಜೀಪು ಮಾಡಿಸಿದೆ. ಊರಿನ ಕೆಲವರು ಹತ್ತಿದರು. ಕಾಲೊನಿಯವರಿಗೆ ಸುದ್ದಿ ಮುಟ್ಟಿಸಿದ್ದೆ, ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಕಾಲೊನಿಯ ತಿರುವಿನಲ್ಲಿ ದೇವೀರಮ್ಮ ಒಗೆದ ಸೀರೆಯುಟ್ಟು ರಸ್ತೆಯ ಪಕ್ಕ ನಿಂತಿದ್ದಳು, ಜೊತೆಗೆ ಇನ್ನಿಬ್ಬರು ಹೆಂಗಸರು. ಜೀಪು ನಿಂತಿತು. ಅವರಿಬ್ಬರು ಹಿಂದೆ ಹತ್ತಿ ಸರೋಜಳ ಪಕ್ಕ ಕೂತರು. ಅಲ್ಲಿಗೆ ಜಾಗ ಮುಗಿಯಿತು. ಉಳಿದದ್ದು ನಡುವಿನ ಸೀಟಿನಲ್ಲಿ, ನನ್ನ ಪಕ್ಕ. ದೇವೀರಮ್ಮ ಬಾಗಿಲು ಹಿಡಿದು ನಿಂತಳು. ಮೆಣಸಿನ ಕಣದಲ್ಲಿ ನಿಂತು ಹೇಳಿದ ದಿನದಿಂದ ಅವಳು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

"ಜರುಗು," ಎಂದಳು.

ಜರುಗಿದೆ. ಹಾಸನದವರೆಗೂ ಅವಳು ಕಿಟಕಿಯಾಚೆ ನೋಡುತ್ತಲೇ ಕೂತಿದ್ದಳು.

ಮೇಷ್ಟ್ರ ಮನೆಯ ಮುಂದೆ ಬಹಳ ಜನವಿದ್ದರು, ಬಹುಪಾಲು ಓದಿದವರು. ನಾವು ಒಂದು ಗುಂಪಾಗಿ ಗೇಟಿನ ಹತ್ತಿರ ನಿಂತಿದ್ದು ನೋಡಿ ಅವರ ಕಾಲೇಜಿನವರೊಬ್ಬರು ಬಂದು ವಿಚಾರಿಸಿದರು. ಹೊಸಗದ್ದೆಯಿಂದ ಎಂದೆ. ಅವರಿಗೆ ಆ ಹೆಸರು ಗೊತ್ತಿತ್ತು. ಮೇಷ್ಟ್ರು ಬರೆಯುತ್ತಿದ್ದ ಊರಲ್ಲವೇ ಎಂದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಆಸಕ್ತಿಯಿಂದ ಕೇಳಿದರು.

"ನೀವೆಲ್ಲ ಒಂದೇ ಊರಿನವರಾ?"

ನಾನು ದೇವೀರಮ್ಮನ ಕಡೆ ನೋಡಿದೆ. ಸರೋಜ ನೆಲ ನೋಡಿದಳು. ದೇವೀರಮ್ಮ ಸೆರಗು ಸರಿಮಾಡಿಕೊಂಡಳು.

"ಒಂದೇ ಜೀಪಲ್ಲಿ ಬಂದಿದ್ದೀವಿ ಸ್ವಾಮಿ," ಎಂದಳು.